ಹುಳುಮನೆಯ ಆಲ್ಬಮ್ಮು

ಹಾರ್ಮೋನಿಯಂ ಮೇಷ್ಟರಿಗೆ ಸಂಗೀತ ಬರಲೇಬೇಕೆಂಬ ನಿಯಮ ನಮ್ಮ ಸೀಮೆಯಲ್ಲಿಲ್ಲ. ಗಟ್ಟಿ ಗಂಟಲು ಬೇಕು, ಕೂತಲ್ಲೇ ಕೂರುವ ಶಕ್ತಿ ಬೇಕು, ಪರರ ಮರೆವನ್ನು ಕ್ಷಮಿಸುವ ದೊಡ್ಡ ಮನಸ್ಸು ಬೇಕು. ಈ ಮೂರನ್ನೂ ಭಗವಂತ ನನಗೆ ಧಾರಾಳವಾಗಿ ಕೊಟ್ಟು, ಸಂಗೀತವನ್ನು ಮಾತ್ರ ಒಂದಿಷ್ಟು ಕೈಹಿಡಿದು ಅಳೆದಿದ್ದ. ಕೂಟಗಲ್ ಹೋಬಳಿಯ ನಮ್ಮ ಹಳ್ಳಿಯಿಂದ ಹೊರಟು ರಾಮನಗರ, ಮಾಗಡಿ, ಕನಕಪುರದ ಊರೂರಿಗೂ ಹೋಗಿ, ರಾಗಿ ಬೆಳೆಯುವವರನ್ನೂ ಕುರಿ ಸಾಕುವವರನ್ನೂ ಮೂರು ತಿಂಗಳೊಳಗೆ ಪುರಾಣದ ಚಕ್ರವರ್ತಿಗಳನ್ನಾಗಿ ಮಾಡಿ ರಂಗದ ಮೇಲೆ ನಿಲ್ಲಿಸುವುದು ನನ್ನ ಕಸುಬಾಗಿತ್ತು. ಇಷ್ಟೊಂದು ಸಾಮ್ರಾಜ್ಯಗಳನ್ನು ಸ್ಥಾಪಿಸಿದವನು ಇತಿಹಾಸದಲ್ಲಿ ಇನ್ನೊಬ್ಬನಿದ್ದಾನೆಯೇ ಎಂಬುದು ನನಗೆ ಸಂಶಯ.

ಬಿಡದಿಯಲ್ಲಿ ಕಾರ್ಖಾನೆಗಳು ಎದ್ದ ಮೇಲೆ ಈ ಸಾಮ್ರಾಜ್ಯಗಳಿಗೆ ಶಿಫ್ಟಿನ ಕಾಟ ಶುರುವಾಯಿತು. ಪ್ರಾಕ್ಟೀಸಿಗೆ ಕೂತರೆ ಅಣ್ಣನ ಪಾರ್ಟಿನವನು ಫಸ್ಟ್ ಶಿಫ್ಟು, ತಮ್ಮನ ಪಾರ್ಟಿನವನು ಸೆಕೆಂಡ್ ಶಿಫ್ಟು. ತುಂಬಿದ ಸಭೆಯಲ್ಲಿ ಎದುರುಬದುರು ನಿಂತು ತೊಡೆ ತಟ್ಟಬೇಕಾದ ಇಬ್ಬರು ವೈರಿಗಳು ಮೂರು ತಿಂಗಳು ಒಬ್ಬರ ಮುಖವನ್ನೊಬ್ಬರು ನೋಡದೆ, ನಾಟಕದ ದಿನವೇ ಬಣ್ಣ ಹಚ್ಚಿಕೊಂಡು ಪರಸ್ಪರ ಪರಿಚಯ ಮಾಡಿಕೊಂಡ ಪ್ರಸಂಗವೂ ಇದೆ. ಕಾಲ ಎತ್ತ ಹೋಗುತ್ತಿದೆ ಎಂದು ನನಗಾಗ ತಿಳಿಯುತ್ತಿರಲಿಲ್ಲ. ಈಗಲೂ ಅಷ್ಟೇನೂ ತಿಳಿದಿಲ್ಲ.

ಅಂಥ ದಿನಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ನನ್ನ ಅಕ್ಕನ ಮಗ ಬಂದ. ಕಾರಿನ ಕಾರ್ಖಾನೆಯಲ್ಲಿ ಗಾಡಿ ಜೋಡಿಸುವ ಲೈನಿನ ಮೇಲೆ ಕೆಲಸ; ಮೂವತ್ತು ಸಮೀಪಿಸಿದ್ದ ಗೃಹಸ್ಥ. ಕೈಯಲ್ಲಿ ಒಂದು ಸಿ.ಡಿ. ಇತ್ತು. ಕಾಲು ತೊಳೆಯುವ ಮುಂಚೆಯೇ ಅದನ್ನು ನಮ್ಮ ಪ್ಲೇಯರಿಗೆ ಹಾಕಿ, "ಮಾವ, ಒಸಿ ಕೇಳಿ. ಮಧ್ಯದಲ್ಲಿ ಮಾತಾಡ್ಬ್ಯಾಡಿ," ಎಂದು ನನ್ನೆದುರು ಕೂತ. ನನ್ನ ಪಕ್ಕದಲ್ಲಿ ನಮ್ಮ ತಬಲಾದವನೂ ಇದ್ದ. ಮೂವತ್ತು ವರ್ಷ ನನ್ನ ಜೊತೆ ಬಾರಿಸಿದವನು. ಭಾನುವಾರಗಳಂದು ನಮ್ಮ ಮನೆಯ ಎಲೆಅಡಿಕೆಗೆ ಅವನದೂ ಒಂದು ಪಾಲು.

ಕೇಳಿದೆವು. ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಯಾರ ಮೇಲೋ ದೂರು ಹೇಳುತ್ತಿದ್ದ. ತಾಲ್ಲೂಕು ಕಚೇರಿಯ ಕಿಟಕಿ ಮುಚ್ಚುವುದರೊಳಗೆ ಎಲ್ಲವನ್ನೂ ಹೇಳಿಬಿಡಬೇಕೆಂಬ ಅವಸರ ಅವನದು. ಹಿಂದೆ ಒಂದು ಹೆಂಗಸು, ಅವನ ಕಷ್ಟವನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡು ಮರುಗುವವಳಂತೆ, ಬಲು ನಿಧಾನವಾಗಿ ರಾಗ ಎಳೆಯುತ್ತಿದ್ದಳು. ಇಬ್ಬರೂ ಗಂಡಹೆಂಡಿರೋ, ವಾದಿ ಪ್ರತಿವಾದಿಗಳೋ, ಗೊತ್ತಾಗಲಿಲ್ಲ. ಡಬ್ ಡಬ್ ಎಂಬ ಒಂದು ಪೆಟ್ಟು ಮಾತ್ರ ಇಬ್ಬರನ್ನೂ ಕೇಳದೆ ತನ್ನ ಪಾಡಿಗೆ ನಡೆದಿತ್ತು.

"ಅವ್ನು ಹೇಳೋದ್ಕೆ ರ‍್ಯಾಪ್ ಅಂತಾರೆ ಮಾವ. ಅವ್ಳು ಹಾಡೋದು ಸೋಲ್. ಸೋಲ್ ಅಂದ್ರೆ ಆತ್ಮ."

"ಅವನಿಗೆ ಆತ್ಮ ಇಲ್ಲವೇನಪ್ಪ?"

"ಐತೆ ಮಾವ. ಅವ್ನ್ದು ಒಸಿ ಅವಸರದ ಆತ್ಮ."

ತಬಲಾದವನು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆಯೆತ್ತದೆ ತೀರ್ಪು ಕೊಟ್ಟ: "ಅವುನ್ಗೆ ರಾಗ ಬರಾಕಿಲ್ಲ, ಅದ್ಕೇ ಮಾತಾಡ್ತಾವ್ನೆ. ಅವುಳ್ಗೆ ಮಾತ್ ಬರಾಕಿಲ್ಲ, ಅದ್ಕೇ ರಾಗ ಎಳೀತಾವ್ಳೆ. ಇಬ್ರೂ ಸೇರಿ ಒಬ್ರ ಕೆಲ್ಸ ಮಾಡವ್ರೆ ಕಣ್ಲಾ ಮೇಷ್ಟ್ರೇ."

ಅಳಿಯ ನಗಲಿಲ್ಲ. ಅವನೂ ಇಂಥದೊಂದು ಆಲ್ಬಮ್ ಮಾಡಬೇಕೆಂದಿದ್ದ. ಮಾತು ಅವನದು, ಹಾಡು ಇನ್ನೊಬ್ಬರದು. ಕಂಪ್ಯೂಟರ್ ಕೊಂಡಿದ್ದಾನೆ, ಮೈಕು ತಂದಿದ್ದಾನೆ, ಪೆಟ್ಟು ಆಗಲೇ ಕೂಡಿಸಿಟ್ಟಿದ್ದಾನೆ. ಬರೆದಿದ್ದನ್ನು ಎದ್ದು ನಿಂತು ಹೇಳಿಯೂ ತೋರಿಸಿದ. ಕೈ ಮಾತ್ರ ಯಾಕೋ ಸೊಳ್ಳೆ ಓಡಿಸುವವನ ಹಾಗೆ ಆಡುತ್ತಿತ್ತು.

"ಅಪ್ಪ ಉತ್ತ ಹೊಲದ ಮ್ಯಾಲೆ ಶೆಡ್ಡು ಕಟ್ಟವ್ರೆ,
ಅದೇ ಶೆಡ್ಡಿಗ್ ಹೋಗಾಕ್ ನಂಗೆ ಪಾಸು ಕೊಟ್ಟವ್ರೆ.
ನಟ್ಟು ಬಿಗಿ, ಬೋಲ್ಟು ಬಿಗಿ, ಗಾಡಿ ಹೋಯ್ತದೆ,
ಬೆವ್ರು ಒರ್ಸೋ ಹೊತ್ಗೆ ಇನ್ನೊಂದ್ ಗಾಡಿ ಬತ್ತದೆ."

ನಾನು ಅಭ್ಯಾಸಬಲದಿಂದ ಶ್ರುತಿ ಕೊಡಲು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬೆರಳಿಟ್ಟಿದ್ದೆ. ಯಾವ ಸ್ವರದ ಮನೆ ಒತ್ತುವುದು? ಇದು ಪದ್ಯವೂ ಅಲ್ಲ, ಗದ್ಯವೂ ಅಲ್ಲ. ಅಳಬೇಕೋ ಚಪ್ಪಾಳೆ ತಟ್ಟಬೇಕೋ ತಿಳಿಯದೆ ಬೆರಳು ಅಲ್ಲೇ ನಿಂತಿತು. ಆದರೆ ಎರಡನೆಯ ಸಾಲು ಕೇಳಿ ನನ್ನ ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದು ನಿಂತಿದ್ದಳು. ಸಾಮಾನ್ಯವಾಗಿ ನನ್ನ ನಾಟಕಗಳ ಯಾವ ಸಾಲಿಗೂ ಅವಳು ಹಾಗೆ ಬಂದದ್ದಿಲ್ಲ.

"ಹಾಡೋಕೆ ಯಾರು?" ಎಂದೆ.

"ಅದುಕ್ಕೇ ಬಂದಿದ್ದು ಮಾವ. ನಿಮ್ಮ ಮಾಗಡಿಯವ್ರು."

'ಮಾಗಡಿಯವರು' ಎಂದರೆ ನಮ್ಮ ಕಡೆಯ ನಾಟಕಗಳಿಗೆ ಒಬ್ಬರೇ. ಊರ ನಾಟಕಗಳಲ್ಲಿ ಗಂಡು ಪಾರ್ಟುಗಳನ್ನು ಊರ ಗಂಡಸರು ಮಾಡುತ್ತಾರೆ. ರಾಣಿಯ ಪಾರ್ಟಿಗೆ ಕಸುಬಿನ ಕಲಾವಿದೆಯನ್ನು ಹೊರಗಿನಿಂದ ಕರೆಸುತ್ತಾರೆ. ಆಕೆ ಇಪ್ಪತ್ತು ವರ್ಷದಿಂದ ಟ್ರಂಕು ಹಿಡಿದು ಬಸ್ಸಿನಲ್ಲಿ ಬಂದು, ನಮ್ಮ ಸೀಮೆಯ ಅಷ್ಟೂ ಚಕ್ರವರ್ತಿಗಳಿಗೆ ಮಹಾರಾಣಿಯಾಗಿ, ಬೆಳಗಿನ ಬಸ್ಸಿಗೆ ವಾಪಸು ಹೋಗುತ್ತಿದ್ದವರು. ಅವರ ದನಿ ಕರಿ ನಾಲ್ಕರ ಶ್ರುತಿಯಲ್ಲಿ, ಅಂದರೆ ಪೆಟ್ಟಿಗೆಯ ನಾಲ್ಕನೆಯ ಕರಿ ಮನೆಯಲ್ಲಿ, ನಿಲ್ಲುತ್ತಿತ್ತು. ಅಲ್ಲಿಂದ ಕಂದಪದ್ಯ ಎತ್ತಿದರೆ, ಹಿಂದಿನ ಸಾಲಿನಲ್ಲಿ ಕಡಲೆಕಾಯಿ ತಿನ್ನುವವರೂ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸುತ್ತಿದ್ದರು. ಕಂದಪದ್ಯ ಎಂದರೆ ನಾಟಕದಲ್ಲಿ ತಾಳವಿಲ್ಲದೆ, ಉಸಿರಿರುವಷ್ಟೂ ಎಳೆದು ಹಾಡುವ ಪದ್ಯ. ಆ ಹೊತ್ತಿನಲ್ಲಿ ತಬಲಾದವನಿಗೆ ಕೈಕಟ್ಟಿ ಕೂರುವುದೊಂದೇ ಕೆಲಸ. ಹಾಡುವವರು ಮುಗಿಸುವ ತನಕ ಅವನು ಕಾಯಬೇಕು, ಮುಗಿದ ಮೇಲೆ ತಬಲಾದ ಪೆಟ್ಟಿನೊಡನೆ ಬೀಳಬೇಕು. ಅದು ನಮ್ಮ ಸಭಾಮರ್ಯಾದೆ.

ಮರುದಿನವೇ ಅಳಿಯನೂ ನಾನೂ ಬಸ್ಸು ಹತ್ತಿ ಮಾಗಡಿಗೆ ಹೋದೆವು. ಆಕೆ ಮನೆಯ ಹೊರಗೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನಾನು ರ‍್ಯಾಪಿನ ಸ್ವರೂಪ, ಆತ್ಮಸಂಗೀತದ ಲಕ್ಷಣ, ಎರಡರ ಸಮಾಗಮ ಇವನ್ನೆಲ್ಲ ನನಗೆ ತಿಳಿಯದಿದ್ದರೂ ಗಂಭೀರವಾಗಿ ವಿವರಿಸಿದೆ. ಆಕೆ ಕೇಳಿ, "ನಾಟ್ಕ ಬುಟ್ರೆ ನಾನ್ ಎಲ್ಲೂ ಹಾಡಾಕಿಲ್ಲ ಮೇಷ್ಟ್ರೆ," ಎಂದರು. ಆಮೇಲೆ ಮೊರ ಕೆಳಗಿಟ್ಟು, ಕುತ್ತಿಗೆಗೆ ಸುತ್ತಿದ್ದ ಸೆರಗನ್ನು ಸರಿಸಿದರು. ಗಂಟಲ ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ.

ಎರಡು ವರ್ಷದಿಂದ ಇತ್ತಂತೆ. ರಂಗದ ಮೇಲೆ ರಾಣಿಯ ಸರಗಳ ಕೆಳಗೆ ನಮಗ್ಯಾರಿಗೂ ಕಂಡಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ದೀಪಾವಳಿ ಕಳೆದ ವಾರಕ್ಕೆ ಆಪರೇಷನ್ ಎಂದು ದಿನ ಕೊಟ್ಟಿದ್ದರು. ಗೆಡ್ಡೆಯ ಪಕ್ಕದಲ್ಲೇ ದನಿಯ ನರ ಹೋಗುತ್ತದೆ. ದನಿ ಹಾಗೇ ಉಳಿಯಬಹುದು, ಬದಲಾಗಬಹುದು, ಈಗಲೇ ಏನೂ ಹೇಳುವುದಕ್ಕಾಗುವುದಿಲ್ಲ ಎಂದಿದ್ದರಂತೆ.

"ಇಪ್ಪತ್ ವರ್ಷ ಹಾಡಿವ್ನಿ. ನನ್ ದನಿ ಎಲ್ಲೂ ಇಲ್ಲ ಮೇಷ್ಟ್ರೆ. ಯಾವ್ದೋ ಊರ್‌ನೋರು ತೆಗ್ದಿದ್ ಒಂದ್ ವಿಡಿಯೋ ಐತೆ. ಅದ್ರಾಗೆ ಜನರೇಟ್ರು ಹಾಡ್ತದೆ, ನಾನ್ ಬಾಯ್ ಆಡಿಸ್ತೀನಿ." ಅಳಿಯನ ಕಡೆ ತಿರುಗಿದರು. "ದೀಪಾವಳಿಗ್ ಮುಂಚೆ ಆಯ್ತದೇನಪ್ಪ?"

"ಆಯ್ತದೆ ಅಕ್ಕ," ಎಂದ ಅಳಿಯ. ದಸರಾಕ್ಕೆ ಎರಡು ದಿನ ಇತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ನಾಟಕಗಳ ಲೆಕ್ಕ ಹಾಕುತ್ತಿದ್ದೆ. ಎರಡು ವರ್ಷದಲ್ಲಿ ಆಕೆ ಎಷ್ಟು ಸಲ ನನ್ನ ಪಕ್ಕದಲ್ಲೇ ನಿಂತು ಹಾಡಿದ್ದರು! ಶ್ರುತಿ ಕೂದಲೆಳೆಯಷ್ಟು ತಪ್ಪಿದರೆ ಹಿಡಿಯುತ್ತೇನೆಂದು ಬೀಗುತ್ತಿದ್ದ ನನ್ನ ಕಿವಿಗೆ ಒಂದು ನಿಂಬೆಹಣ್ಣು ಕೇಳಿಸಿರಲಿಲ್ಲ.

ರೆಕಾರ್ಡಿಂಗಿಗೆ ಜಾಗ ಬೇಕಿತ್ತು. ಬಿಡದಿಯ ಅಳಿಯನ ರೂಮಿನೆದುರು ಲಾರಿಗಳ ಸಾಲು. ನಮ್ಮ ಮನೆಯಲ್ಲಿ ಕುಕ್ಕರ್ರು, ಕರು, ಪಕ್ಕದವರ ಪಂಪ್‌ಸೆಟ್ಟು. ಕೊನೆಗೆ ಹಿತ್ತಲ ಹುಳುಮನೆ ಹೊಳೆಯಿತು. ರೇಷ್ಮೆಹುಳು ಸಾಕುವ ಆ ಮನೆ ಒಂದು ಬೆಳೆ ಎದ್ದು ಇನ್ನೊಂದು ಬರುವ ತನಕ ಖಾಲಿ ಇರುತ್ತಿತ್ತು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ಸುತ್ತ ಗೋಡೆಗೆ ಒರಗಿಸಿ, ಮೇಲೆ ಕಂಬಳಿ ಇಳಿಬಿಟ್ಟು, ಅಳಿಯ ನಡುವೆ ನಿಂತು ಚಪ್ಪಾಳೆ ತಟ್ಟಿ ನೋಡಿದ. ಸದ್ದು ತಟ್ಟಿದಲ್ಲೇ ಸತ್ತಿತು. "ಬೆಂಗ್ಳೂರಲ್ಲೂ ಇಂಥ ಸ್ಟುಡಿಯೋ ಇಲ್ಲ ಮಾವ," ಎಂದ. ಹುಳುಗಳು ಇಷ್ಟು ವರ್ಷ ಎಂಥ ವೈಭವದಲ್ಲಿ ಬಾಳಿವೆ ಎಂದು ನನಗಂದು ತಿಳಿಯಿತು.

ಇನ್ನು ನನ್ನಿಂದಾದ ಮೊದಲನೆಯ ಅನಾಹುತ. ಕಲಾವಿದೆಯೊಬ್ಬರು ಬರುವ ಮನೆ ಶುದ್ಧವಾಗಿರಬೇಡವೇ? ಹೊಸ ಹುಳು ತರುವ ಮುಂಚೆ ಹೇಗೆ ಮಾಡುತ್ತೇವೋ ಹಾಗೆಯೇ, ಶನಿವಾರ ಸಾಯಂಕಾಲ ನಾನೇ ಮುತುವರ್ಜಿಯಿಂದ ಮೂಲೆಮೂಲೆಗೂ ಫಾರ್ಮಲಿನ್ ಹೊಡೆದು, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿಟ್ಟೆ. ಒಂದು ರೋಗಾಣು ಉಳಿಯದಂತೆ ನೋಡಿಕೊಂಡೆ. ಭಾನುವಾರ ಆಕೆ ಎರಡು ಬಸ್ಸು ಬದಲಾಯಿಸಿ ಬಂದು, ಬಾಗಿಲು ತೆರೆದು ಒಳಗೆ ಕಾಲಿಟ್ಟರು. ಮರುಕ್ಷಣ ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ, ಗಂಟಲು ಹಿಡಿದುಕೊಂಡು ಕೆಮ್ಮುತ್ತ ಹೊರಗೆ ಬಂದು ಕಲ್ಲಿನ ಮೇಲೆ ಕೂತರು. ಅವರು ಬಂದಿದ್ದೇ ಆ ಗಂಟಲಿಗಾಗಿ.

ನೀರು ಕುಡಿದು, ಮುಖ ಒರೆಸಿಕೊಂಡು, ನನ್ನನ್ನೇ ನೋಡಿದರು. "ಮೇಷ್ಟ್ರೆ, ನಾನೇನ್ ಹುಳಾನಾ?"

ತಬಲಾದವನು, "ನಿಮ್ಗೆ ನಾಕ್ನೇ ಜ್ವರ ಕಳುದ್ಮ್ಯಾಲೆ ಸೊಪ್ಪು ಹಾಕ್ತಾನೆ, ತಡೀರಿ," ಎಂದ. ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಕೆ ನಗಲು ಹೋಗಿ ಇನ್ನಷ್ಟು ಕೆಮ್ಮಿದರು. ಆ ವಾರ ಹೋಯಿತು. ಮುಂದಿನ ಭಾನುವಾರ ಅಳಿಯನಿಗೆ ಕಾರ್ಖಾನೆಯಲ್ಲಿ ಓಟಿ ಬಂತು, ಅದೂ ಹೋಯಿತು. ದೀಪಾವಳಿಗೆ ಮುಂಚೆ ಉಳಿದದ್ದು ಒಂದೇ ಭಾನುವಾರ.

ಆ ಭಾನುವಾರ ಎಲ್ಲ ಸಿದ್ಧವಾಗಿತ್ತು. ಮೈಕು ಒಂದೇ ಇದ್ದುದರಿಂದ ಅಳಿಯ ಅದನ್ನು ತೊಲೆಗೆ ಹಗ್ಗ ಕಟ್ಟಿ ನಡುವೆ ಇಳಿಬಿಟ್ಟಿದ್ದ. ಅಳಿಯನ ಮಾತಿಗೆ ಒಪ್ಪುವಂತೆ ಆಕೆ ಹಾಡಬೇಕಾದ ಪದ್ಯವನ್ನು ನಾನು ಕಟ್ಟಿದ್ದೆ. ತವರಿಗೆ ಬಂದ ಮಗಳು ತಂದೆಯ ಹೊಲ ಕಾಣದೆ ಕೇಳುವ ಮಾತು:

"ಹೊಲವೆಲ್ಲಿ ಬದುವೆಲ್ಲಿ ಹಾದಿಯೆಲ್ಲಿ ತಂದೇ,
ನಿನ್ನ ಮನೆ ಬಾಗಿಲನು ಯಾರು ಮುಚ್ಚಿದರು?"

ಅಳಿಯ ಆಕೆಯ ಕಿವಿಗೆ ಹೆಡ್‌ಫೋನು ಹಾಕಿದ. ಅದರಲ್ಲಿ ಪೆಟ್ಟು ಕೇಳುತ್ತದೆ, ಅದರ ಜೊತೆಗೆ ಹಾಡಬೇಕು. ಆಕೆ ಕಣ್ಣು ಮುಚ್ಚಿ 'ಹೊಲವೆಲ್ಲಿ' ಎಂದು ಎಳೆಯತೊಡಗಿದರು. ಎಳೆದದ್ದು ಮುಗಿಯುವ ಹೊತ್ತಿಗೆ ಪೆಟ್ಟು ಬದು ದಾಟಿ, ಹಾದಿ ದಾಟಿ, ಬಾಗಿಲ ಹತ್ತಿರ ನಿಂತಿತ್ತು. ಮತ್ತೆ ಶುರು. ಮತ್ತೆ ಅದೇ. ಐದಾರು ಸಲ ಆದ ಮೇಲೆ ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದು ನೋಡಿದರು.

"ಏನಪ್ಪ, ಇದ್ಕೆ ಕಣ್ಣಿಲ್ವಾ? ನಾನ್ ಉಸುರ್ ತಗೊಳ್ಳೋದ್ ಕಾಣಾಕಿಲ್ವಾ?"

"ಅದು ಕಾಯಲ್ಲ ಅಕ್ಕ. ನಾವೇ ಅದ್ರ ಜೊತೆ ಹೋಗ್ಬೇಕು."

ತಬಲಾದವನಿಗೆ ಅಂದು ಪರಮಾನಂದ. "ನಾನು ಮೂವತ್ ವರ್ಸ ಕಾದಿವ್ನಿ ಕಣಪ್ಪ. ರಾಜ್ರು ಕೆಮ್ಮುದ್ರೂ ಕಾದಿವ್ನಿ, ಕಿರೀಟ ಬಿದ್ರೂ ಕಾದಿವ್ನಿ. ನಿನ್ ಡಬ್ಬ ಒಂದ್ ಉಸುರ್ಗೂ ಕಾಯಾಕಿಲ್ವಾ?"

"ಲೈನೂ ಅಂಗೇ ಮಾವ," ಎಂದ ಅಳಿಯ ನನ್ನ ಕಡೆಗೆ, ಯಾಕೋ ತಪ್ಪೊಪ್ಪಿಕೊಳ್ಳುವವನ ಹಾಗೆ. "ಗಾಡಿ ಬತ್ತಾನೇ ಇರ್ತದೆ. ನಾನ್ ಈ ಪೆಟ್ಟು ಕೂಡ್ಸಿದ್ದೇ ಅದ್ರ ಲೆಕ್ಕದಲ್ಲಿ."

"ಏನಾರ ಆದ್ರೆ ನಿಲ್ಸಾಕಾಗಾಕಿಲ್ವಾ?" ಆಕೆ ಕೇಳಿದರು.

"ಒಂದ್ ಹಗ್ಗ ಇರ್ತದೆ ಅಕ್ಕ. ಎಳುದ್ರೆ ಇಡೀ ಲೈನ್ ನಿಂತೋಯ್ತದೆ. ಆದ್ರೆ ಆಮ್ಯಾಕೆ ಎಲ್ರೂ ಬಂದು ಎಳ್ದೋನ್ ಸುತ್ತ ನಿಂತ್ಕೋತಾರೆ."

"ಇಲ್ಲಿ ನಾವ್ ನಾಕೇ ಜನ ಇರೋದು. ಎಳಿಯಪ್ಪ."

ಅಳಿಯ ಪೆಟ್ಟು ನಿಲ್ಲಿಸಿದ. ನಾನು ಕರಿ ನಾಲ್ಕು ಒತ್ತಿದೆ. ಆಕೆ ಹಾಡಿದರು.

ಅದನ್ನು ಹೇಗೆ ಬರೆಯಬೇಕೆಂದು ನನಗೆ ಇವತ್ತಿಗೂ ತಿಳಿಯದು. ಇಷ್ಟು ವರ್ಷ ಆ ದನಿ ನನಗೆ ಕೇಳಿದ್ದು ಮೈಕಿನ ಕಿರುಚಾಟದ ನಡುವೆ, ಜನರ ಗದ್ದಲದ ಮೇಲೆ. ಚಂದ್ರಿಕೆಗಳ ನಡುವೆ, ಕಂಬಳಿಗಳ ನಡುವೆ, ಅದು ಹೋಗಿ ಬಡಿಯಲು ಗೋಡೆಯೇ ಇರಲಿಲ್ಲ. 'ತಂದೇ' ಎಂಬಲ್ಲಿ ಒಂದು ಸಣ್ಣ ಸೀಳು ಬಂತು. ಗೆಡ್ಡೆಯದೋ ದುಃಖದ್ದೋ ಗೊತ್ತಿಲ್ಲ. ಮುಗಿದ ಮೇಲೂ ತಬಲಾದವನು ಕೈಕಟ್ಟಿಯೇ ಕೂತಿದ್ದ. ಬೀಳುವುದನ್ನು ಮರೆತಿದ್ದ.

"ಆಯ್ತು, ಇದೇ," ಎಂದು ಅಳಿಯ ಹಾಡನ್ನು ಕಂಪ್ಯೂಟರಿನಲ್ಲಿ ಹಾಕಿದ. ಎಲ್ಲರೂ ಬಗ್ಗಿ ಕೇಳಿದೆವು.

ಮೊದಲು ಕೇಳಿದ್ದು ಆಕೆಯ ದನಿ ಅಲ್ಲ. ಒಂದು ಗೊಗ್ಗರು ಗಂಡು ದನಿ, ಅವಸರದಲ್ಲಿ, 'ಹೊಲವೆಲ್ಲಿ ಬದುವೆಲ್ಲಿ' ಎಂದಿತು. ಆಮೇಲೆ ಆಕೆ ಹಾಡಿದರು. ಮತ್ತೆ ಗೊಗ್ಗರು, 'ನಿನ್ನ ಮನೆ'. ಮತ್ತೆ ಆಕೆ. ಪ್ರತಿ ಸಾಲಿಗೂ ಮುಂಚೆ, ದೊರೆಯ ಮುಂದೆ ದಾರಿ ಬಿಡಿಸುವ ಸೇವಕನಂತೆ ಅದು ಓಡುತ್ತಿತ್ತು.

"ಯಾರ್ಲಾ ಇದು?" ಎಂದು ನಾನೇ ಕೇಳಿದೆ.

ಮೂವರೂ ನನ್ನನ್ನು ನೋಡಿದರು.

ಊರ ನಾಟಕದ ಮೇಷ್ಟ್ರು ಬರೀ ಪೆಟ್ಟಿಗೆ ಒತ್ತುವುದಿಲ್ಲ. ರಾಗಿ ಕಟಾವು, ಕುರಿ ಕಳುವು, ಶಿಫ್ಟು ಇವುಗಳ ನಡುವೆ ಪದ್ಯ ಕಲಿತವರು ರಂಗದ ಮೇಲೆ ನಿಂತಾಗ ಸಾಲು ಮರೆಯುತ್ತಾರೆ. ಆಗ ಅರ್ಧ ಸಾಲು ಮುಂಚೆ ಮೇಷ್ಟ್ರು ಕೆಳದನಿಯಲ್ಲಿ ಎತ್ತಿಕೊಡಬೇಕು. ಮರೆತರೂ ಎತ್ತಿಕೊಡುತ್ತೇವೆ, ಮರೆಯದಿದ್ದರೂ ಎತ್ತಿಕೊಡುತ್ತೇವೆ. ಉಸಿರಾಡುವುದು ಹೇಗೆ ನಮಗೆ ಕೇಳುವುದಿಲ್ಲವೋ ಹಾಗೆ ಇದೂ. ನಾನು ಬಾಯಿ ತೆರೆದದ್ದು ನಿಜವಾಗಿಯೂ ನನಗೆ ಗೊತ್ತಿರಲಿಲ್ಲ.

ಪರಿಹಾರವನ್ನು ತಬಲಾದವನು ಕಂಡುಹಿಡಿದ. ಎಲೆ, ಅಡಿಕೆ, ಕಡ್ಡಿಪುಡಿ ಸೇರಿಸಿ ಎರಡು ಆಳಿನ ಪ್ರಮಾಣ ನನ್ನ ಬಾಯಿಗೆ ತುಂಬಿಸಿದ. "ಈಗ್ ಎತ್ಕೊಡ್ಲಾ, ನೋಡಾನ." ನಾನು ಗಲ್ಲ ಊದಿಸಿಕೊಂಡು ಶ್ರುತಿ ಹಿಡಿದೆ. ಆಕೆ ಕಣ್ಣು ಮುಚ್ಚಿದರು. ಬಾಯಿ ತೆರೆದರು. ದನಿ ಬರಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿದರು. ಮತ್ತೆ ಮುಚ್ಚಿದರು.

"ಬತ್ತಾ ಇಲ್ಲ ಮೇಷ್ಟ್ರೆ. ಪದ್ಯ ಗೊತ್ತೈತೆ. ಎಲ್ಲಿಂದ ಹೊರುಡ್ಬೇಕು ಅಂತ ಗೊತ್ತಾಗ್ತಿಲ್ಲ."

ಇಪ್ಪತ್ತು ವರ್ಷ ಯಾವುದೋ ಊರಿನ ಯಾವುದೋ ಮೇಷ್ಟ್ರು ಎತ್ತಿಕೊಟ್ಟ ಮೇಲೆಯೇ ಆಕೆ ಹೊರಟಿದ್ದು. ಅದಿಲ್ಲದೆ ಹೊರಡುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಹಾಳೆ ಕೈಗೆ ಕೊಟ್ಟು ನೋಡಿದೆವು. ಹಾಳೆ ನೋಡಿಕೊಂಡು ಓದುವವರ ದನಿ ಬಂತು, ರಾಣಿ ಬರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಗಂಟಲು ಬಿಗಿಯಿತು. ಕಡೆಯ ಬಸ್ಸಿನ ಹೊತ್ತು. ನಾನು ಹಿತ್ತಲಿಗೆ ಹೋಗಿ ಎಲೆಅಡಿಕೆ ಉಗಿದು ಬಂದೆ. ಆಕೆ, "ಮೊದ್ಲುದೇ ಇರ್ಲಿ ಬುಡಪ್ಪ," ಎಂದು ಅಳಿಯನಿಗೆ ಹೇಳಿ ಹೊರಟರು.

ಆಕೆ ಆಸ್ಪತ್ರೆಗೆ ಸೇರಿದ ವಾರವೆಲ್ಲ ಅಳಿಯ ಶಿಫ್ಟು ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಅಳಿಸಲು ನೋಡಿದ. ಆಗಲಿಲ್ಲ. ನನ್ನ ಅರ್ಧ ಸಾಲನ್ನು ಕತ್ತರಿಸಿದರೆ, ಆಕೆ ಹಾಡುವ ಮುಂಚೆ ಎಳೆದುಕೊಳ್ಳುವ ಉಸಿರೂ ಅದರ ಜೊತೆ ಹೋಗುತ್ತಿತ್ತು. ಉಸಿರಿಲ್ಲದೆ ದನಿ ಎಲ್ಲಿಂದಲೋ ತಟ್ಟನೆ ಬಿದ್ದ ಹಾಗೆ ಕೇಳುತ್ತಿತ್ತು. "ನೀವಿಬ್ರೂ ಹೆಣ್ಕೊಂಡ್ಬುಟ್ಟಿದ್ದೀರಿ ಮಾವ," ಎಂದು ಕೊನೆಗೆ ಕೈಬಿಟ್ಟ. ಪೆಟ್ಟನ್ನು ಆಕೆ ಹಾಡುವ ಕಡೆ ಪೂರ್ತಿ ನಿಲ್ಲಿಸಿ, ಆಕೆ ಮುಗಿಸಿದ ಮೇಲೆ ತನ್ನ ಮಾತಿನ ಜೊತೆ ಎಬ್ಬಿಸಿದ. ನಾಟಕದಲ್ಲಿ ಕಂದಪದ್ಯ ಆದ ಮೇಲೆ ಸಂಭಾಷಣೆ ಬರುವ ಹಾಗೆಯೇ. ಇದು ಹೊಸದೋ ಹಳೆಯದೋ ಎಂದು ಅವನಿಗೂ ಅನುಮಾನ ಬಂದಿತ್ತು, ನನ್ನನ್ನು ಕೇಳಿದ. ಕೇಳಬಾರದವನನ್ನು ಕೇಳಿದ.

ಸಿ.ಡಿ.ಯ ಹೊದಿಕೆಯನ್ನು ಚನ್ನಪಟ್ಟಣದಲ್ಲಿ ಅಚ್ಚು ಹಾಕಿಸಿದೆವು. ಅಲ್ಲಿಯ ಅಚ್ಚಿನವರು ಮದುವೆ ಪತ್ರಿಕೆಗಳಲ್ಲಿ ಪಳಗಿದವರು. ಕಲಾವಿದರ ಹೆಸರುಗಳ ಕೆಳಗೆ 'ತಮ್ಮ ಸುಖಾಗಮನವನ್ನು ಬಯಸುವ' ಎಂದು ತಾವಾಗಿಯೇ ಸೇರಿಸಿದ್ದರು. ಕಾರ್ಖಾನೆಯಲ್ಲಿ ಹಂಚಿದಾಗ ಒಂದಿಬ್ಬರು ಮುಹೂರ್ತ ಯಾವಾಗ ಎಂದು ಕೇಳಿದರಂತೆ. ಆದರೆ ಹಾಡು ಕ್ಯಾಂಟೀನಿನಲ್ಲಿ ಮೊಬೈಲಿಂದ ಮೊಬೈಲಿಗೆ ಹೋಯಿತು. ಮುಂದೆ ಓಡುವ ಆ ಗೊಗ್ಗರು ದನಿಯನ್ನು ಬೇಕೆಂದೇ ಇಟ್ಟ ಹೊಸ ಪ್ರಯೋಗವೆಂದು ಮೆಚ್ಚಿದವರೂ ಇದ್ದರಂತೆ. ಜೀವನದಲ್ಲಿ ನನ್ನ ಸಂಗೀತಕ್ಕೆ ಸಿಕ್ಕ ಏಕೈಕ ಪ್ರಶಂಸೆ ಅದು. ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಅಳಿಯನೂ ನಾನೂ ಸಿ.ಡಿ., ಪ್ಲೇಯರು ಎರಡನ್ನೂ ಹೊತ್ತು ಮಾಗಡಿಗೆ ಹೋದೆವು. ಗೆಡ್ಡೆ ಹೋಗಿತ್ತು, ಕೆಟ್ಟದ್ದಲ್ಲ ಎಂದು ಪರೀಕ್ಷೆಯಲ್ಲಿ ಬಂದಿತ್ತಂತೆ. ಕುತ್ತಿಗೆಯಲ್ಲಿ ಒಂದು ಅಡ್ಡ ಗೆರೆ. "ಬನ್ನಿ ಮೇಷ್ಟ್ರೆ," ಎಂದರು. ಬಾಗಿಲ ಹಿಂದೆ ಇನ್ಯಾರೋ ಇದ್ದಾರೆಂದು ನಾನು ಇಣುಕಿದೆ. ದಪ್ಪ, ಒಡೆದ, ಬೆಳಗಿನ ಹೊತ್ತು ಗಂಡಸರಿಗೆ ಬರುವಂಥ ದನಿ.

ಅಳಿಯ ಸಿ.ಡಿ. ಹಾಕಿದ. ಗೊಗ್ಗರ ಬಂದ, ಹೋದ. ಆಮೇಲೆ ಆ ಕರಿ ನಾಲ್ಕರ ದನಿ ಆ ಸಣ್ಣ ಮನೆ ತುಂಬಿತು. ಆಕೆ 'ತಂದೇ' ಎಂಬಲ್ಲಿಯ ತನಕ ಕೇಳಿ, "ನಿಲ್ಸಪ್ಪ," ಎಂದರು. ಆಮೇಲೆ ಸಿ.ಡಿ.ಯನ್ನು ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟರು.

"ನಿಮ್ಮನೇಲೇ ಇರ್ಲಿ ಮೇಷ್ಟ್ರೆ. ಇದ್ರೊಳ್ಗೆ ನನ್ ಸವತಿ ಕೂತವ್ಳೆ."

"ಅಕ್ಕ, ನೀವೇ ಅಲ್ವಾ..." ಎಂದ ಅಳಿಯ.

"ಅದ್ಕೇ ಕಣಪ್ಪ. ಬೇರ್ಯೋಳಾದ್ರೆ ಜಗ್ಳಾನಾರ ಆಡ್ಬೌದಿತ್ತು."

ಬಸ್ ಸ್ಟ್ಯಾಂಡಿನಲ್ಲಿ ಅಳಿಯ, "ನಾವ್ ಒಳ್ಳೇದ್ ಮಾಡುದ್ವಾ ಮಾವ, ಕೆಟ್ಟದ್ ಮಾಡುದ್ವಾ?" ಎಂದು ಕೇಳಿದ. ಧರ್ಮಾಧರ್ಮದ ಮೇಲೆ ಮೂವತ್ತು ವರ್ಷ ಭಾಷಣ ಹೇಳಿಕೊಟ್ಟವನು ನಾನು. ಯಾವ ನಾಟಕದ ಯಾವ ಸಾಲೂ ನೆನಪಿಗೆ ಬರಲಿಲ್ಲ. ದನಿ ಉಳಿಯಲಿ ಎಂದು ಕೇಳಿದವರು ಅವರೇ. ಉಳಿಸಿಕೊಟ್ಟೆವು. ಅದು ಉಳಿದದ್ದೇ ತಪ್ಪಾಯಿತೇ? ಉಳಿಯದಿದ್ದರೆ, ಹಿಂದೆ ಹೇಗಿತ್ತೋ ಏನೋ ಎಂದು ಮರೆಯಬಹುದಿತ್ತೇ? ಡಬ್ಬಿ ಜೇಬಿನಲ್ಲಿ ಚುಚ್ಚುತ್ತಿತ್ತು.

ಶಿವರಾತ್ರಿ ಕಳೆದು ನಾಟಕಗಳ ಕಾಲ ಬಂತು. ರಾಣಿಯ ಪಾರ್ಟಿಗೆ ಊರಿನವರು ಬೇರೆಯವರನ್ನು ಕರೆಸಿದರು. 'ಮಾಗಡಿಯವರ ದನಿ ಹೋಯ್ತಂತಲ್ಲ' ಎಂದು ಕನಕಪುರದ ಕಡೆಯ ಒಂದು ಊರಿನಲ್ಲಿ ಯಾರೋ ಅಂದಾಗ ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಪೆಟ್ಟಿಗೆಯ ತಿದಿ ಸರಿಮಾಡುವವನ ಹಾಗೆ ಬಗ್ಗಿದೆ. ಆಕೆಯ ಮನೆಯ ಕಡೆ ಹೋಗಲೂ ಇಲ್ಲ. ಹೋಗಿ ಏನು ಹೇಳುವುದು?

ಒಂದು ದಿನ ಮಧ್ಯಾಹ್ನ ಆಕೆಯೇ ಬಂದರು. ಟ್ರಂಕು ಇರಲಿಲ್ಲ, ಬರಿಗೈ. ನನ್ನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಪಕ್ಕಕ್ಕಿಟ್ಟು, "ಪೆಟ್ಗೆ ತೆಗೀರಿ ಮೇಷ್ಟ್ರೆ," ಎಂದರು.

"ಯಾವುದಕ್ಕಮ್ಮ?"

"ಹುಡುಕಾಕೆ."

ಕರಿ ನಾಲ್ಕು ಒತ್ತಿದೆ. ಆಕೆ ಬಾಯಿ ತೆರೆದರು, ಗಾಳಿ ಬಂತು. ಒಂದು ಮನೆ ಕೆಳಗೆ ಬಂದೆ. ಗಾಳಿಯೇ. ಇನ್ನೊಂದು. ದನಿ ಹತ್ತಿದಂತಾಗಿ ಜಾರಿತು. "ಇಳೀರಿ," ಎಂದರು. ಇಳಿದೆ. ಇಪ್ಪತ್ತು ವರ್ಷ ಬಾಡಿಗೆಗಿದ್ದ ಮನೆ ಬಿಟ್ಟು, ಬೀದಿಯುದ್ದಕ್ಕೂ ಒಂದೊಂದೇ ಬಾಗಿಲು ತಟ್ಟುತ್ತ ಬಂದ ಹಾಗಿತ್ತು. ರಾಣಿಯರ ಶ್ರುತಿಗಳು ಮುಗಿದವು. ಸಖಿಯರದೂ ಮುಗಿದವು. ನಾನು ಕೈ ತಡೆದೆ. ಇನ್ನು ಕೆಳಗಿರುವುದು ಗಂಡಸರ ಜಾಗ.

"ಯಾಕ್ ನಿಂತ್ರಿ?"

ಬಿಳಿ ಒಂದು ಒತ್ತಿದೆ. ಆಕೆ ಕಣ್ಣು ಮುಚ್ಚಲಿಲ್ಲ. ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸಿ ಷಡ್ಜ ಹಿಡಿದರು. ಅದು ನಡುಗಿತು, ಒಡೆಯಿತು, ಮತ್ತೆ ಹತ್ತಿತು, ಆಮೇಲೆ ನಿಂತಿತು. ಕೊರಕಲು ದಾರಿಯಲ್ಲಿ ಗಾಡಿ ನಿಂತ ಹಾಗೆ, ವಾಲಿಕೊಂಡು, ಆದರೆ ನಿಂತಿತು. ನಾನು ತಿದಿ ಒತ್ತುತ್ತಲೇ ಇದ್ದೆ. ಆ ದನಿ ಚೆನ್ನಾಗಿತ್ತೇ? ಗೊತ್ತಿಲ್ಲ. ಅದಕ್ಕೆ ಯಾವ ಪಾರ್ಟು ಒಪ್ಪುತ್ತದೆ, ಯಾವ ಪದ್ಯ ಕೂರುತ್ತದೆ, ಊರಿನವರು ಏನನ್ನುತ್ತಾರೆ, ಒಂದೂ ಗೊತ್ತಾಗಲಿಲ್ಲ.

ಸದ್ದು ಕೇಳಿ ತಬಲಾದವನು ಬೇಲಿಯಾಚೆಯಿಂದ ತಲೆ ಹಾಕಿದ. ಅವನಿಗೆ ಆಕೆ ಕಾಣುತ್ತಿರಲಿಲ್ಲ, ಕಂಬ ಅಡ್ಡ.

"ಯಾರ್ಲಾ ಮೇಷ್ಟ್ರೇ ಅದು? ಹೊಸ ಪಾಲ್ಟಿಯಾ?"

ನಾನು ಉತ್ತರ ಹುಡುಕುವುದರೊಳಗೆ ಆಕೆಯೇ ಅಂದರು: "ಊಂ ಕಣಣ್ಣ, ಹೊಸಬ್ರು. ಇನ್ನೂ ಕಲೀತಾವ್ರೆ. ಒಸಿ ಬಂದ್ ಕೂತ್ಕಾ, ಕಾಯೋನು ಬೇಕು."